ಹುಂಜದ ವಿಮಾನದ ಹೊದಿಕೆ

ವಿಮಾನ ಹಾರುವ ಮುನ್ನ ಅದರ ಮೂತಿಗೆ ಕಟ್ಟಿದ ಬಟ್ಟೆಯ ಹೊದಿಕೆಯನ್ನು ಬಿಚ್ಚಿ ನೆಲದ ಮೇಲೆ ಮಡಿಸಿಡುತ್ತಿದ್ದರು. ವಿಮಾನ ಹಿಂದಿರುಗಿದರೆ ಮತ್ತೆ ಕಟ್ಟುವುದು. ಹಿಂದಿರುಗದಿದ್ದರೆ ಹೊದಿಕೆ ಅಲ್ಲೇ ಉಳಿಯುತ್ತಿತ್ತು. ಕೆಲವು ದಿನ ನೋಡಿ, ಯಾರೋ ಅದನ್ನು ಉಗ್ರಾಣಕ್ಕೆ ಒಯ್ಯುತ್ತಿದ್ದರು. ನಾನು ಹೇಳಬೇಕಾಗಿರುವುದು ಅಂಥ ಒಂದು ಹೊದಿಕೆಯ ವಿಷಯ.

ಯುದ್ಧ ಮುಗಿದ ವರ್ಷ ಹಿರಿಯೂರಿನ ಆಚೆಯ ಬಯಲಿನಲ್ಲಿ ಬಾಂಬು ಹಾಕುವ ದೊಡ್ಡ ವಿಮಾನಗಳ ದಳವೊಂದು ಬಂದು ಇಳಿದಿತ್ತು. ಬಂಗಾಳದ ಕಡೆಯಿಂದ ಬರ್ಮಾದ ಮೇಲೆ ಹಾರಿ ಬಂದವರು. ಇನ್ನು ಅವರಿಗೆ ಕೆಲಸವಿರಲಿಲ್ಲ. ದಳವನ್ನು ಮುರಿಯಬೇಕು, ವಿಮಾನಗಳನ್ನೂ ಮುರಿಯಬೇಕು ಎಂದು ಮೇಲಿನಿಂದ ಹುಕುಂ ಆಗಿತ್ತು. ಗುತ್ತಿಗೆದಾರನ ಆಳುಗಳು ಕೊಡಲಿ, ಉಳಿ ಹಿಡಿದು ರೆಕ್ಕೆಗಳನ್ನು ಕಡಿಯುತ್ತಿದ್ದರು. ಪಾತ್ರೆ ಎರಕ ಹೊಯ್ಯುವವರು ತಗಡನ್ನು ಗಾಡಿಗೆ ಹೇರಿಕೊಂಡು ಹೋಗುತ್ತಿದ್ದರು. ಆ ಸದ್ದಿನ ಪಕ್ಕದಲ್ಲೇ ಒಂದು ಡೇರೆಯಲ್ಲಿ ಮಿಷನ್ ಇಟ್ಟುಕೊಂಡು ನಾನು ಟಾರ್ಪಾಲು, ಚೀಲ, ಹೊದಿಕೆಗಳನ್ನು ಹೊಲಿಯುತ್ತಿದ್ದೆ.

ದಳದ ಚರಿತ್ರೆಯನ್ನು ಕೂಡಿಸಿಡುವ ಕೆಲಸ ಒಬ್ಬ ಸಾಹೇಬರ ಪಾಲಿಗೆ ಬಂದಿತ್ತು. ಚಿಕ್ಕ ವಯಸ್ಸಿನವರು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅವರೂ ವಿಮಾನದಲ್ಲಿ ಹಾರಿದವರೇ. ಅವರ ಮಾತನ್ನು ನಮಗೆ ತಿಳಿಸಿ ಹೇಳುತ್ತಿದ್ದವರು ಹೊಳಲ್ಕೆರೆ ಕಡೆಯ ಒಬ್ಬ ಗುಮಾಸ್ತರು. ಕಾಗದಪತ್ರಗಳೆಲ್ಲ ಆಗಲೇ ಪೆಟ್ಟಿಗೆ ಸೇರಿ ಹೊರಟುಹೋಗಿದ್ದವು. ಸಾಹೇಬರ ಜೀವ ಮಾತ್ರ ಹೊದಿಕೆಗಳ ಮೇಲಿತ್ತು.

ಕಾರಣ ಇಷ್ಟೇ. ಒಂದೊಂದು ವಿಮಾನದ ಹುಡುಗರೂ ಹೋಗಿ ಬಂದಾಗಲೆಲ್ಲ ಹೊದಿಕೆಯ ಒಳಮೈಯಲ್ಲಿ ಬಾಂಬು ಹಾಕಿ ಬಂದ ಊರಿನ ಗುರುತು ಹಾಕಿ, ಕೆಳಗೆ ತಮ್ಮ ತಮ್ಮ ಹೆಸರು ಬರೆಯುತ್ತಿದ್ದರು. ಬರೆದದ್ದು ಕಾಪಿ ಪೆನ್ಸಿಲಿನಲ್ಲಿ. ಒಣಗಿದ್ದಾಗ ಬೂದು ಬಣ್ಣ, ಒಂದು ಹನಿ ನೀರು ಬಿದ್ದರೆ ನೇರಳೆ.

"ಕಾಗದದಾಗೆ ಇರೋದು ಬರೀ ಲೆಕ್ಕ, ಹುಡುಗ್ರು ತಾವೇ ಕೈಯಾರೆ ಬರೆದಿದ್ದು ಇದೊಂದೇ ಅಂತಾರಪ್ಪ ಸಾಹೇಬ್ರು," ಎಂದರು ಗುಮಾಸ್ತರು. "ಬರೆದ ಭಾಗ ಅಷ್ಟನ್ನೂ ಕತ್ತರಿಸಿ, ಒಂದಕ್ಕೊಂದು ಸೇರಿಸಿ ಉದ್ದ ಬಟ್ಟೆ ಮಾಡ್ಬೇಕು. ಸುತ್ತಿ ಅವರ ದೇಶಕ್ಕೆ ಕಳಿಸ್ತಾರೆ. ಒಂದ್ ಮಾತು ನೆನಪಿಟ್ಕ. ನೀರು ತಾಗಬಾರ್ದು."

ಕತ್ತರಿಸುವುದು ಸುಲಭವಾಯಿತು. ಹೊಲಿಯುವುದು ಆಗಲಿಲ್ಲ. ಬಿಸಿಲಿಗೆ, ಎಣ್ಣೆಗೆ ಬಟ್ಟೆಯ ಎಳೆ ಸತ್ತಿತ್ತು. ಮಿಷನ್ ಸೂಜಿ ಹಾದುಹೋದ ಕಡೆ ತೂತಿನ ಸಾಲು ಬಿದ್ದು ಅಲ್ಲೇ ಹರಿಯಿತು. ಹೊಲಿಗೆಯನ್ನು ಸಡಿಲ ಮಾಡಿದೆ. ಹಿಂದೆ ದಪ್ಪ ಬಟ್ಟೆ ಕೊಟ್ಟೆ. ದಪ್ಪ ಬಟ್ಟೆಯ ಭಾರಕ್ಕೆ ಹಳೆಯದು ಇನ್ನೊಂದು ಬೆರಳಿನಷ್ಟು ಸೀಳಿತು. ಸಾಹೇಬರು ಬೆನ್ನ ಹಿಂದೆಯೇ ನಿಂತಿದ್ದರು. ಸಿಳ್ಳೆಯಂಥ ಒಂದು ಉಸಿರು ಬಿಟ್ಟು, ನನ್ನ ಕುಂಡೆಯ ಕೆಳಗಿದ್ದ ಕೌದಿಯನ್ನು ತೋರಿಸಿ ಏನೋ ಕೇಳಿದರು. ನಾನು ಎದ್ದೆ. ಅವರು ಕೌದಿಯನ್ನು ಎತ್ತಿ ಮಗುಚಿ ನೋಡಿದರು. ಹರಿದ ಪಂಚೆ, ಸೀರೆ, ಕುಪ್ಪಸ, ಯಾವುದಕ್ಕೂ ಸ್ವಂತ ಬಲವಿಲ್ಲ. ಒಂದರ ಮೇಲೊಂದು ಹಾಸಿ, ಜೋಳದ ಕಾಳಿನಷ್ಟು ಅಂತರದಲ್ಲಿ ದಾರದ ಸಾಲು ಎಳೆದದ್ದರಿಂದ ಎಷ್ಟು ಜಗ್ಗಿದರೂ ಹರಿಯುತ್ತಿರಲಿಲ್ಲ.

"ಯಾರು ಹೊಲಿದಿದ್ದು ಅಂತ ಕೇಳ್ತಾರೆ," ಎಂದರು ಗುಮಾಸ್ತರು.

"ನನ್ ತಂಗಿ, ಸ್ವಾಮಿ."

ಅವರಿಬ್ಬರೂ ಮಾತಾಡಿಕೊಂಡರು. ಆಮೇಲೆ ಗುಮಾಸ್ತರು ನನ್ನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಬಂದರು. ದುರ್ಗದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಶಾಲೆಯೊಂದು ಶುರುವಾಗಲಿದೆ, ಅದನ್ನು ನಡೆಸುವ ದೊರೆಸಾನಿ ಸಾಹೇಬರಿಗೆ ಗೊತ್ತು, ಈ ಬಟ್ಟೆ ನೆಟ್ಟಗೆ ಆದರೆ ತಂಗಿಗೆ ಅಲ್ಲಿ ಕೆಲಸ, ಇರುವುದಕ್ಕೆ ಒಂದು ಕೋಣೆ. ಸಾಹೇಬರು ತಾವೇ ಪತ್ರ ಕೊಡುತ್ತಾರೆ.

ತಂಗಿ ಗಂಡನನ್ನು ಕಳೆದುಕೊಂಡು ನನ್ನ ಮನೆಗೆ ಬಂದವಳು. ಎಲ್ಲರದೂ ಆದ ಮೇಲೆ ಉಣ್ಣುತ್ತಿದ್ದಳು. ನನ್ನ ಹೆಂಡತಿ ಕೆಟ್ಟವಳಲ್ಲ, ಆದರೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಶಾಲೆಯ ವಿಷಯ ಹೇಳಿದಾಗ ಅವಳೇ ಮೊದಲು ಮಾತಾಡಿದಳು.

"ದುರ್ಗದಾಗೆ ಕೋಣೆ ಬ್ಯಾರೆ ಕೊಡ್ತಾರಂತಾ? ನಮ್ಗೂ ಗಂಡ ಸತ್ತಿದ್ರೆ ಸಿಕ್ತಿತ್ತೇನೋ."

ತಂಗಿ ನಕ್ಕುಬಿಟ್ಟಳು. "ಅತ್ತಿಗೆ, ಮೊದ್ಲು ಸೂಜಿಗೆ ದಾರ ಪೋಣಿಸಾದು ಕಲಿ. ಆಮ್ಯಾಕೆ ಅಣ್ಣನ್ನ ಸಾಯ್ಸೀವಂತೆ."

ಅವಳು ಹಾಗೆ ನಗುವುದನ್ನು ನೋಡಿ ಬಹಳ ಕಾಲವಾಗಿತ್ತು. ಬಟ್ಟೆಯ ಗಂಟನ್ನು ಬಿಚ್ಚಿ ಒಂದೊಂದೇ ತುಂಡನ್ನು ಮೂಸಿ ನೋಡಿದಳು.

"ತೊಳೆದೈತಾ ಅಣ್ಣ?"

ಕೌದಿಯವರಿಗೆ ಇದು ದೊಡ್ಡ ಮಾತು. ಬೇರೆಯವರ ಬಟ್ಟೆಯನ್ನು ಚೌಳು ಮಣ್ಣಿನಲ್ಲಿ ನೆನೆಸಿ, ಉಬ್ಬೆಯ ಹಬೆಯಲ್ಲಿ ಬೇಯಿಸಿ, ಹೊಳೆಯಲ್ಲಿ ಒಗೆಯದೆ ಸೂಜಿ ತಾಗಿಸುವುದಿಲ್ಲ. ಅದರಲ್ಲೂ ಸತ್ತವರ ಬಟ್ಟೆಯಾದರೆ ಕೇಳುವುದೇ ಬೇಡ. ಒಗೆಯದೆ ಒಳಗಿಟ್ಟು ಹೊಲಿದರೆ ಹೊದ್ದವರಿಗೆ ಒಳ್ಳೆಯದಾಗುವುದಿಲ್ಲ ಎಂದು ನಮ್ಮ ತಾಯಿಯೂ ಹೇಳುತ್ತಿದ್ದಳು. ನೀರು ತಾಗಿಸಬೇಡ ಎಂದರೆ ತಂಗಿ ಯಾಕೆ ಎಂದು ಕೇಳುತ್ತಾಳೆ. ಯಾಕೆಂದು ಹೇಳಿದರೆ ಇದರಲ್ಲಿ ಸತ್ತವರ ಹೆಸರುಗಳಿವೆ ಎಂಬುದೂ ಬರುತ್ತದೆ. ಆಗ ಅವಳು ಗಂಟು ಕಟ್ಟಿ ವಾಪಸು ಕೊಟ್ಟುಬಿಡುತ್ತಾಳೆ, ಶಾಲೆಯೂ ಹೋಗುತ್ತದೆ. ಅವಳ ಒಳ್ಳೆಯದಕ್ಕೇ ಎಂದುಕೊಂಡು ನಾನು ಹೇಳಿದೆ:

"ತೊಳೆದೈತೆ. ದಂಡಿನೋರು ತೊಳೆದೇ ಕೊಟ್ಟಿದ್ದು."

ಕೆಲಸ ಚೆನ್ನಾಗಿ ನಡೆಯಿತು. ಮೊದಲು ಹಳೆಯ ಮೆತ್ತನೆಯ ಬಟ್ಟೆಗಳನ್ನು ಹಾಸಿ ನಾಲ್ಕೂ ಮೂಲೆಗೆ ಕಲ್ಲು ಹೇರುವುದು. ಅದರ ಮೇಲೆ ಹೊದಿಕೆಯ ತುಂಡು. ಅವಳು ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಹೋಗುತ್ತಿದ್ದಳು, ಅಂಚಿನಿಂದ ಶುರುಮಾಡಿದರೆ ನಡುವೆ ಗುಳ್ಳೆ ಏಳುತ್ತದೆ. ಅಕ್ಷರ ಬಂದ ಕಡೆ ಸೂಜಿಯನ್ನು ಅದರ ಮೇಲೆ ಹಾಯಿಸದೆ, ಸುತ್ತು ಬಳಸಿ, ಮತ್ತೆ ಸಾಲಿಗೆ ಬರುತ್ತಿದ್ದಳು. ಅವಳಿಗೆ ಕನ್ನಡವೂ ಓದಲು ಬಾರದು. ನನಗೆ ಬರುತ್ತಿದ್ದುದೂ ಕೂಲಿಮಠದಲ್ಲಿ ಕಲಿತ ನಾಲ್ಕು ಅಕ್ಷರ. ಇಂಗ್ಲಿಷು ಇಬ್ಬರಿಗೂ ಚಿತ್ರವೇ. ಮುಗಿದ ತುಂಡುಗಳನ್ನು ನಾನು ಶಿಬಿರಕ್ಕೆ ಒಯ್ದು ತೋರಿಸಿದಾಗ ಸಾಹೇಬರು ಬೆರಳಿನಿಂದ ಸಾಲುಗಳನ್ನು ಸವರಿ ತಲೆಯಾಡಿಸಿದರು. ಒಂದು ತುಂಡಿನ ಮೇಲೆ ಹೆಚ್ಚು ಹೊತ್ತು ಕೈಯಿಟ್ಟಿದ್ದರು. ಅದು ಅವರದೇ ವಿಮಾನದ್ದೆಂದು ನನಗೆ ಆಗ ಗೊತ್ತಿರಲಿಲ್ಲ.

ಬಾಕಿ ತುಂಡುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಆಗಿತ್ತು, ಕೊನೆಗೆ ಉಳಿದದ್ದು ಹುಂಜದ ವಿಮಾನದ ಹೊದಿಕೆ. ಅದರ ಹೊರಮೈ ಮೇಲೆ ಯಾರೋ ಕೆಂಪು ಹುಂಜ ಬರೆದಿದ್ದರು. ಆ ವಿಮಾನ ಬರ್ಮಾದಿಂದ ಹಿಂದಿರುಗಿರಲಿಲ್ಲ. ಹುಡುಗರದೂ ಸುಳಿವಿಲ್ಲ. ಬಾಕಿ ವಿಮಾನಗಳ ತಗಡಾದರೂ ಕಣ್ಣ ಮುಂದಿತ್ತು. ಈ ವಿಮಾನದ್ದೆಂದು ಉಳಿದದ್ದು ಇದೊಂದು ಬಟ್ಟೆ. ಉಗ್ರಾಣದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬಿದ್ದಿದ್ದರಿಂದ ಎಣ್ಣೆ, ಧೂಳು, ಇಲಿ ಹಿಕ್ಕೆಯ ನಾತ. ಅದನ್ನು ಮನೆಯಲ್ಲಿ ಇಟ್ಟು ನಾನು ಕೆಲಸಕ್ಕೆ ಹೋದೆ. ಸಾಹೇಬರು ಹೊರಡುವ ದಿನ ಗೊತ್ತಾಗಿತ್ತು. ನಾಡಿದ್ದು ಬೆಳಗ್ಗೆ ಲಾರಿ.

ಮಾರನೆಯ ದಿನ ಮುಂಜಾನೆ ಹಿತ್ತಲಿಗೆ ಹೋದಾಗ ತಂಗಿ ಉಬ್ಬೆಯ ಒಲೆಗೆ ಸೌದೆ ಜೋಡಿಸುತ್ತಿದ್ದಳು. ಪಕ್ಕದಲ್ಲಿ ಬಾನಿಯ ಅಂಚಿನ ಮೇಲೆ ಒಂದು ಒದ್ದೆ ಸುರುಳಿ.

"ಅದೇನದು?"

"ನಿನ್ ಹುಂಜ. ಬರೀ ನೀರಾಗೆ ನೆನ್ಸಿ ನನ್ ಹಳೇ ಬಿಳಿ ಸೀರೆ ಸುತ್ತಿಟ್ಟಿದ್ದೆ ಜಿಡ್ಡು ಬಿಡ್ಲಿ ಅಂತ. ಇವಾಗ ಚೌಳು ಹಚ್ಚಿ ಉಬ್ಬೆಗೆ ಹಾಕ್ತೀನಿ. ದಂಡಿನೋರು ಚಂದ ತೊಳೆದವ್ರೆ ಬಿಡು, ಇಲಿ ಹಿಕ್ಕೆ ಸೈತ ಹಂಗೇ ಇತ್ತು."

ಬಾನಿಯ ನೀರು ನೇರಳೆಯಾಗಿತ್ತು.

ನಾನು ಸುರುಳಿಯನ್ನು ಕಿತ್ತುಕೊಂಡೆ. ಬಿಚ್ಚುವ ಅವಸರದಲ್ಲಿ ಒಂದು ಅಂಚು ಹರಿಯಿತು. ಬಟ್ಟೆಯ ಮೇಲೆ ಅಕ್ಷರವೆನ್ನುವುದು ಇರಲಿಲ್ಲ. ನೇರಳೆ ಹಣ್ಣು ಜಜ್ಜಿದ ಹಾಗೆ ಸಾಲು ಸಾಲು ಕಲೆ. ಆಗ ಎಲ್ಲವನ್ನೂ ಹೇಳಿದೆ. ನೀರು ತಾಗಬಾರದೆಂದು ಹೇಳಿದ್ದನ್ನು, ಇದು ಸತ್ತ ಹುಡುಗರದೆಂಬುದನ್ನು, ಬೇರೆ ತುಂಡುಗಳಲ್ಲೂ ಅಂಥ ಹೆಸರುಗಳಿವೆ ಎಂಬುದನ್ನು. ಅವಳು ಬೈಯುತ್ತಾಳೆಂದು ಕಾದೆ.

"ಮೊದ್ಲೇ ಹೇಳಿದ್ರೆ ಏನಾಗ್ತಿತ್ತು?" ಎಂದಳು.

"ನೀನು ಹೊಲೀತಿರ್ಲಿಲ್ಲ."

"ನಾನು ಹೊಲೀತಿದ್ನೋ ಬಿಡ್ತಿದ್ನೋ, ನೀನೇ ಹೇಳ್ಬಿಡು."

ಒಲೆಗೆ ಬೆಂಕಿ ಹಾಕಲಿಲ್ಲ. ಸೀರೆಯನ್ನು ಹಿಂಡದೆ ನೆಲದ ಮೇಲೆ ಹಾಸಿದಳು. ಹಾಗೆ ಹಾಸಿದಾಗ ಅವಳೇ ಮೊದಲು ನೋಡಿದ್ದು. ಬರಹಕ್ಕೆ ಒತ್ತಿಕೊಂಡಿದ್ದ ಸೀರೆಯ ಮಡಿಕೆಯ ಮೇಲೆ ಹೆಸರುಗಳು ಮೂಡಿದ್ದವು. ಬಟ್ಟೆಯಲ್ಲಿ ಹರಡಿಹೋದದ್ದು ಸೀರೆಯಲ್ಲಿ ಗೆರೆಯಾಗಿಯೇ ನಿಂತಿತ್ತು.

"ಇಲ್ ನೋಡಣ್ಣ. ಮಗುಚಿ ಬಿದ್ದೈತೆ. ಎಡಗಡೆದು ಬಲಗಡೆಗೆ."

"ಮಗುಚಿ ಬಿದ್ರೆ ಏನ್ ಮಾಡಾಣ?"

"ಮಗುಚಿದ್ದನ್ನ ಮತ್ತೆ ಮಗುಚಾಣ."

ನೆರಳಿನಲ್ಲಿ ಎರಡನ್ನೂ ಒಣಗಿಸಿದೆವು. ಬಿಸಿಲಿಗೆ ಹಾಕಿದರೆ ಬಣ್ಣ ಇನ್ನಷ್ಟು ಹೋಗುತ್ತದೆಂದು ಅವಳ ಅಂದಾಜು. ಆಮೇಲೆ ಹೊದಿಕೆಯ ತುಂಡನ್ನು ಹಾಸಿ, ಸೀರೆಯ ಅಚ್ಚುಬಿದ್ದ ಮಗ್ಗುಲನ್ನು ಕೆಳಮುಖ ಮಾಡಿ ಅದರ ಮೇಲಿಟ್ಟಳು. ಸೀರೆ ಸವೆದು ತೆಳ್ಳಗಾಗಿತ್ತು. ಮೇಲಿನಿಂದ ನೋಡಿದರೆ ಅಕ್ಷರಗಳು ನೆಟ್ಟಗೆ ಕಾಣುತ್ತಿದ್ದವು. ಕೆಳಗಿನ ಒಂದೊಂದು ಕಲೆಯ ಮೇಲೆ ಒಂದೊಂದು ಹೆಸರು ಕೂರುವವರೆಗೆ ಕೂದಲೆಳೆಯಷ್ಟು ಆಚೆ ಈಚೆ ಸರಿಸಿದಳು. ಕಲ್ಲು ಹೇರಿದಳು. ಕಪ್ಪು ದಾರ ತೆಗೆದುಕೊಂಡು, ಸೀರೆಯ ಮೇಲಿನಿಂದಲೇ ಗೆರೆ ಹಿಡಿದು ಹೊಲಿಯತೊಡಗಿದಳು. ರಂಗೋಲಿಯ ಎಳೆ ತಪ್ಪದ ಹಾಗೆ, ಒಬ್ಬ ಹುಡುಗ ಅವಸರದಲ್ಲಿ ಬರೆದ ಬಾಲವನ್ನೂ ಇನ್ನೊಬ್ಬ ಒತ್ತಿ ಬರೆದ ಚುಕ್ಕೆಯನ್ನೂ ಬಿಡದೆ. ಊಟಕ್ಕೂ ಏಳಲಿಲ್ಲ. ನನ್ನ ಹೆಂಡತಿ ಮುದ್ದೆ ತಂದು ಪಕ್ಕದಲ್ಲಿಟ್ಟು, ಏನೂ ಅನ್ನದೆ ಹೋದಳು. ನಾನು ದಾರ ಪೋಣಿಸಿ ಪೋಣಿಸಿ ಕೊಡುತ್ತಿದ್ದೆ.

ಮರುದಿನ ಬೆಳಗಾಗುವ ಹೊತ್ತಿಗೆ ತುಂಡು ಉದ್ದ ಬಟ್ಟೆಯ ತುದಿಗೆ ಸೇರಿತ್ತು, ಎಲ್ಲ ಹೆಸರೂ ಬಂದಿದ್ದವು, ಕೊನೆಯದೊಂದು ಬಿಟ್ಟು. ಅದು ಮಡಿಕೆಯ ಒಳಗೆ, ಎಣ್ಣೆಯ ಜಿಡ್ಡಿನಲ್ಲಿ ಸಿಕ್ಕಿತ್ತು. ಬಟ್ಟೆಯಲ್ಲೂ ಉಳಿದಿರಲಿಲ್ಲ, ಸೀರೆಗೂ ಹತ್ತಿರಲಿಲ್ಲ. ಶುರುವಿನ ಒಂದು ಗೀಟು, ಅಷ್ಟೆ.

"ಇದು ಕಾಣಾಕಿಲ್ಲ. ಬಿಟ್ಬಿಡ್ತೀನಿ," ಎಂದಳು.

"ಬಿಟ್ರೆ ಗೊತ್ತಾಗ್ತೈತೆ. ಬಾಕಿ ಎಲ್ಲ ಐತೆ, ಇದೊಂದು ಯಾಕಿಲ್ಲ ಅಂತಾರೆ. ನೀರು ತಾಗಿದ್ದು ಹೊರಗೆ ಬರ್ತೈತೆ."

"ಬರ್ಲಿ. ಹಿಂಗಾತು ಅಂತ ಹೇಳಾಣ."

"ದುರ್ಗದ ಕೆಲ್ಸ?"

ಅವಳು ಮುಖ ತೊಳೆದು ಬರುತ್ತೇನೆಂದು ಬಾವಿಯ ಕಡೆ ಹೋದಳು.

ಅಷ್ಟು ಹೊತ್ತು ಸಾಕಾಯಿತು ನನಗೆ. ಬಟ್ಟೆಯ ಸುರುಳಿಯನ್ನು ಇನ್ನಷ್ಟು ಹರಡಿ, ಬೇರೊಂದು ತುಂಡಿನಲ್ಲಿ ಗುಂಡಗೆ ಬಿಡಿಬಿಡಿಯಾಗಿ ಬರೆದ ಒಂದು ಸಣ್ಣ ಹೆಸರನ್ನು ಆರಿಸಿಕೊಂಡೆ. ಅದರ ಶುರುವಿನ ಗೀಟು ಇದಕ್ಕೆ ಹೊಂದುತ್ತಿತ್ತು. ಕಣ್ಣಳತೆಯಲ್ಲಿ ನೋಡಿ ನೋಡಿ ಖಾಲಿ ಜಾಗದಲ್ಲಿ ಹೊಲಿದೆ. ನನ್ನದು ದರ್ಜಿಯ ಕೈ. ಮುಂದೆ ಒಂದು ಹೊಲಿಗೆ, ಅರ್ಧ ಹಿಂದೆ, ಮತ್ತೆ ಮುಂದೆ. ಅವಳ ಸಾಲುಗಳ ಕೆಳಗೆ ಅದು ಬಿಗಿಯಾಗಿ, ಹಗ್ಗದ ಹಾಗೆ ಕಂಡಿತು.

ತಂಗಿ ಬಂದು ನೋಡಿದಳು. ಮುಖದಿಂದ ನೀರು ಇಳಿಯುತ್ತಿತ್ತು.

"ಯಾರ ಹೆಸ್ರು ಇದು?"

"ಯಾರದಾದ್ರೇನು. ಸಾಲು ತುಂಬ್ತು."

"ಬಿಚ್ಚಣ್ಣ."

ಅಷ್ಟರಲ್ಲಿ ಬಾಗಿಲಲ್ಲಿ ಲಾರಿ ನಿಂತಿತು. "ಏನಪ್ಪ, ಆತಾ? ಹೊಲಿದೋಳನ್ನೂ ಕರ್ಕಂಬಾ ಅಂದವ್ರೆ ಸಾಹೇಬ್ರು. ಪತ್ರ ಬರೆದಿಟ್ಟವ್ರೆ," ಎಂದು ಗುಮಾಸ್ತರು ಕೂಗಿದರು. ನಾನು ಬಟ್ಟೆಯನ್ನೆಲ್ಲ ಸುತ್ತಿ ಕಂಕುಳಲ್ಲಿ ಇರುಕಿಕೊಂಡೆ. ತಂಗಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹಿಂದೆ ಬಂದಳು. ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ.

ಡೇರೆಯಲ್ಲಿ ಉದ್ದನೆಯ ಹಲಗೆಯ ಮೇಲೆ ಬಟ್ಟೆಯನ್ನು ಬಿಡಿಸಿದರು. ಹೊರಡಲು ಸಿದ್ಧರಾಗಿದ್ದ ಕೆಲವು ಹುಡುಗರು ಸುತ್ತ ನಿಂತು, ತಮ್ಮ ತಮ್ಮ ಹೆಸರು ಹುಡುಕಿ ತೋರಿಸಿಕೊಂಡು ನಗುತ್ತಿದ್ದರು. ಹೊರಗೆ ಕೊಡಲಿಯ ಸದ್ದು. ಸಾಹೇಬರು ಹುಂಜದ ತುಂಡಿಗೆ ಬಂದರು. ನೇರಳೆ ಕಲೆ ನೋಡಿ ಹುಬ್ಬು ಗಂಟಿಕ್ಕಿತು. ನಾನು ಗುಮಾಸ್ತರಿಗೆ, ಉಗ್ರಾಣದ ತೇವ ಇರಬೇಕು ಸ್ವಾಮಿ, ಸೀರೆ ಒತ್ತಿ ಹೆಸರು ಎತ್ತಿದೆವು ಎಂದೆ. ಸಾಹೇಬರು ದಾರದ ಅಕ್ಷರಗಳನ್ನು ಮುಟ್ಟಿ ನೋಡಿದರು. ಹುಬ್ಬು ಸಡಿಲವಾಯಿತು. ಒಂದೊಂದು ಹೆಸರನ್ನೂ ಮೆಲ್ಲಗೆ ಬಾಯಿಬಿಟ್ಟು ಓದಿದರು. ಸುತ್ತಲಿನ ನಗು ನಿಂತಿತು. ಮಡಚದ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

ಆ ಸಾಲನ್ನು ಅವರು ಇನ್ನೊಮ್ಮೆ ಓದಿದರು. ಆಮೇಲೆ ಗುಮಾಸ್ತರನ್ನು ಕರೆದರು. ಗುಮಾಸ್ತರು ಬಗ್ಗಿ ಓದಿದವರು, ಬಗ್ಗಿದಲ್ಲಿಂದಲೇ ನನ್ನ ಕಡೆ ತಿರುಗಿದರು.

"ಲೇ, ಈ ಕೊನೇ ಹೆಸ್ರು ಹೊಲಿದೋರು ಯಾರು?"

"ಯಾಕೆ ಸ್ವಾಮಿ?"

"ಸಾಹೇಬ್ರ ಹೆಸ್ರು ಕಣಯ್ಯ ಅದು. ಸತ್ತೋರ ಜತಿಗೆ ಹೊಲ್ದಿದೀರಿ. ಯಾರು ಹೊಲಿದೋರು?"

ಹೇಳಬೇಕಾದ ಮಾತು ಒಂದೇ ಇತ್ತು, ಎರಡಕ್ಷರದ್ದು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಶಿಬಿರ ಮುಗಿದರೂ ಗುತ್ತಿಗೆದಾರನ ಹತ್ತಿರ ನನ್ನನ್ನು ಸೇರಿಸುತ್ತೇನೆಂದು ಗುಮಾಸ್ತರು ಹೇಳಿದ್ದು ಆ ಗಳಿಗೆಯಲ್ಲಿ ನೆನಪಾಯಿತೋ, ಬರೀ ಹೆದರಿಕೆಯೋ, ನಾನು ಇವತ್ತಿಗೂ ಸರಿಯಾಗಿ ಹೇಳಲಾರೆ.

"ನನ್ ತಂಗಿ, ಸ್ವಾಮಿ. ಅವ್ಳಿಗೆ ಓದಾಕೆ ಬರಾಕಿಲ್ಲ."

ತಂಗಿ ನನ್ನನ್ನು ನೋಡಿದಳು. ಸಾಹೇಬರೂ ನೋಡಿದರು. ನಾನು ಹಲಗೆಯ ಕಾಲನ್ನು ನೋಡುತ್ತಿದ್ದೆ. ಒಂದು ಮಾತು ಬರಬಹುದೆಂದು ಇಬ್ಬರೂ ಕಾದ ಹಾಗಿತ್ತು. ಬರಲಿಲ್ಲ. ತಂಗಿ ಮುಂದೆ ಹೋಗಿ, ಸೆರಗಿನ ಸೂಜಿ ತೆಗೆದು, ಯಾರ ಅಪ್ಪಣೆಯನ್ನೂ ಕೇಳದೆ ಆ ಸಾಲನ್ನು ಬಿಚ್ಚತೊಡಗಿದಳು. ನನ್ನ ಬಿಗಿ ಹೊಲಿಗೆ ಬೇಗ ಬಿಚ್ಚುವಂಥದ್ದಲ್ಲ. ಒಂದೊಂದನ್ನೇ ಸೂಜಿಯ ತುದಿಯಲ್ಲಿ ಎತ್ತಿ, ಬಟ್ಟೆ ಹರಿಯದ ಹಾಗೆ ಹಿಂದಕ್ಕೆ ಎಳೆಯುತ್ತಾ ಹೋದಳು.

ಮುಗಿದ ಮೇಲೆ ಅವಳು ಗುಮಾಸ್ತರನ್ನು ಕೇಳಿದಳು: "ಇಲ್ಲಿ ಯಾರ ಹೆಸ್ರು ಇತ್ತಂತೆ? ಹೇಳಿದ್ರೆ ಹೊಲೀತೀನಿ."

ಸಾಹೇಬರು ಒಂದು ಹೆಸರು ಹೇಳಿದರು. ಒಂದೇ ಸಲ. ಆಮೇಲೆ ಕೈ ಅಡ್ಡ ಹಿಡಿದು ಬೇಡವೆಂದರು.

"ಅವನ ಕೈಬರಹ ಇಲ್ದಿದ್ಮ್ಯಾಲೆ ಹೆಸ್ರು ಕಾಗದದಾಗೇ ಐತೆ, ಇಲ್ಲಿ ಜಾಗ ಖಾಲಿ ಇರ್ಲಿ ಅಂತಾರಮ್ಮ," ಎಂದರು ಗುಮಾಸ್ತರು.

ಬಟ್ಟೆಯನ್ನು ಸುತ್ತಿ ಟಾರ್ಪಾಲಿನಲ್ಲಿಟ್ಟು ಲಾರಿಗೆ ಏರಿಸಿದರು. ಖಾಲಿ ಜಾಗದಲ್ಲಿ ನನ್ನ ಸೂಜಿಯ ತೂತುಗಳು ಹಾಗೇ ಇದ್ದವು. ಬೆಳಕಿಗೆ ಹಿಡಿದರೆ ಓದಬಹುದಿತ್ತೇನೋ. ಸಾಹೇಬರು ಹೋಗುವಾಗ ತಂಗಿಗೆ ಕೈಮುಗಿದರು. ಪತ್ರ ಕೊಡಲಿಲ್ಲ. ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ಕೈ ಚೆನ್ನಾಗೈತಂತೆ. ಆದ್ರೆ ಕಾಣ್ದಿದ್ದನ್ನ ತುಂಬಿಸಿಕೊಡೋರನ್ನ ಶಾಲೆಗೆ ಹೆಂಗ್ ಹೇಳ್ಲಿ ಅಂತಾರೆ."

ನಡೆದೇ ಬಂದೆವು. ಹೊಳೆ ದಾಟುವಾಗ ನಾನು ತಡೆಯಲಾರದೆ ಅಂದೆ.

"ನಾನಲ್ಲ ಅಂತ ನೀನಾದ್ರೂ ಅನ್ಬೇಕಿತ್ತು."

"ನೀನು ಅಲ್ಲೇ ಇದ್ಯಲ್ಲಣ್ಣ," ಎಂದಳು. "ನೀನು ಹೇಳ್ತೀಯ ಅಂತ ಕಾಯ್ತಿದ್ದೆ."

ಮುಷ್ಟಿ ಬಿಚ್ಚಿ, ಬಿಚ್ಚಿದ ಕಪ್ಪು ದಾರದ ಉಂಡೆಯನ್ನು ನನ್ನ ಕೈಯಲ್ಲಿಟ್ಟಳು. "ತಗ. ನಿಂದು."

ದುರ್ಗದ ಶಾಲೆಗೆ ಬೇರೆ ಯಾರೋ ಬಂದರು. ತಂಗಿ ನನ್ನ ಮನೆಯಲ್ಲೇ ಉಳಿದಳು, ಎಲ್ಲರದೂ ಆದ ಮೇಲೆ ಉಂಡಳು, ಕೌದಿ ಹೊಲಿದಳು, ಹೋದ ವರ್ಷ ತೀರಿಕೊಂಡಳು. ಸಾಹೇಬರು ಒಂದೇ ಸಲ ಹೇಳಿದ ಆ ಹುಡುಗನ ಹೆಸರು ಅವಳಿಗೆ ಕೊನೆಯವರೆಗೂ ನೆನಪಿತ್ತು. ಅಮಾವಾಸ್ಯೆಯಲ್ಲಿ ಗಂಡನಿಗೆ ಎಡೆ ಇಡುವಾಗ ಜೊತೆಗೆ ಅದನ್ನೂ ಒಮ್ಮೆ ಅನ್ನುತ್ತಿದ್ದಳು. ಅವಳ ಬಾಯಲ್ಲಿ ಅದು ನಮ್ಮ ಕಡೆಯದೇ ಯಾರದೋ ಹೆಸರಿನ ಹಾಗೆ ಕೇಳುತ್ತಿತ್ತು. ಬಾಗಿಲಾಚೆ ಕೂತು ಕೇಳುತ್ತಿದ್ದ ನಾನು ಎಂದೂ ಒಳಗೆ ಹೋಗಿ, ಇನ್ನೊಂದು ಸಲ ಹೇಳು ಎನ್ನಲಿಲ್ಲ. ಈಗ ಅದು ನನ್ನ ನಾಲಿಗೆಯ ಮೇಲೆ ಇಲ್ಲ.

ಇನ್ನೊಂದು ಹೆಸರು ಮಾತ್ರ ಬೆರಳಲ್ಲಿ ಉಳಿದಿದೆ. ಸುಮ್ಮನೆ ಕೂತಾಗ ಧೂಳಿನಲ್ಲಿ ಕೈ ಅದನ್ನೇ ಬರೆಯುತ್ತದೆ, ಗುಂಡಗೆ, ಬಿಡಿಬಿಡಿಯಾಗಿ. ನನಗೆ ಇಂಗ್ಲಿಷಿನಲ್ಲಿ ಬರೆಯಲು ಬರುವುದು ಅದೊಂದೇ, ಬದುಕಿದ್ದವರ ಹೆಸರು.